ನೇರವಾಗಿ ಎದ್ದ ಹೊಗೆ

ಹೊಗೆ ನೇರವಾಗಿ ಮೇಲೇಳುತ್ತಿತ್ತು. ಈ ಒಂದು ಸಂಗತಿಯಲ್ಲಿ ನನ್ನ ನೆನಪಿಗೂ ಅಂದು ಸಂಜೆ ಬರೆದ ದಿನಚರಿಗೂ ತಕರಾರಿಲ್ಲ. ಉಳಿದ ಎಷ್ಟೋ ಕಡೆ ಅವೆರಡೂ ಹೊಂದುವುದಿಲ್ಲ. ದಿನಚರಿಯಲ್ಲಿ 'ತಿರುಗಿಸಿದೆ' ಎಂಬ ಒಂದೇ ಪದ ಇರುವ ಜಾಗದಲ್ಲಿ ನನ್ನ ನೆನಪು ಇಡೀ ಒಂದು ಮಧ್ಯಾಹ್ನವನ್ನು ಹರಡಿಕೊಂಡು ಕೂತಿದೆ. ಯಾವುದನ್ನು ನಂಬಬೇಕೋ ತಿಳಿಯದೆ, ಎರಡನ್ನೂ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆ, ಮಾರ್ಚ್ ತಿಂಗಳು. ಮೈಸೂರಿನ ಹೊರಗಿನ ರನ್‌ವೇಯಿಂದ ನಾನು ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ವಿಮಾನವೊಂದನ್ನು ಹಾರಿಸುತ್ತಿದ್ದೆ. ಯಸಳೂರು ಸುತ್ತಿನ ಕಾಫಿ ಬೆಳೆಗಾರರ ಗುಂಪೊಂದು ನಮಗೆ ಕೊಟ್ಟ ಕೆಲಸ, ಹೂ ಬಿಟ್ಟ ತೋಟಗಳ ಮೇಲೆ ಹಾರಿ ಫೋಟೊ ತೆಗೆದುಕೊಡುವುದು. ಬೇಸಿಗೆಯ ಮೊದಲ ಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ಕಾಫಿ ಗಿಡ ಒಮ್ಮೆಲೇ ಹೂ ಬಿಡುತ್ತದೆ. ಆ ಮಳೆಗೆ ಅಲ್ಲಿ ಹೂಮಳೆ ಎನ್ನುತ್ತಾರೆ. ಮಳೆ ಸಿಕ್ಕ ಗಿಡ ಬೆಳ್ಳಗಾಗುತ್ತದೆ, ಸಿಗದ ಗಿಡ ಹಸಿರಾಗಿಯೇ ನಿಲ್ಲುತ್ತದೆ. ಎರಡು ಮೂರು ದಿನ ಬಿಟ್ಟರೆ ಹೂ ಕಂದಿಹೋಗುತ್ತದೆ. ಆ ದಿನಗಳಲ್ಲಿ ಮೇಲಿನಿಂದ ನೋಡಿದರೆ ಯಾವ ಗುಡ್ಡಕ್ಕೆ ಮಳೆ ಬಂತು, ಯಾವುದಕ್ಕೆ ಬರಲಿಲ್ಲ ಎಂಬುದು ಬಣ್ಣ ಹಚ್ಚಿದ ನಕ್ಷೆಯ ಹಾಗೆ ಕಾಣುತ್ತದೆ.

ಅವರಿಗೆ ಅದು ಬೇಕಾಗಿದ್ದುದು ಒಂದು ಕೆರೆಗಾಗಿ. ಮಳೆ ಕೈಕೊಟ್ಟ ವರ್ಷ ಪೈಪು ಹಾಕಿ ತೋಟಕ್ಕೆ ನೀರು ಹಾರಿಸಲು ಎಲ್ಲರೂ ಸೇರಿ ಒಂದು ಕೆರೆ ಕಟ್ಟಿಸುವವರಿದ್ದರು. ಎಲ್ಲಿ ಕಟ್ಟಬೇಕು ಎಂಬುದೇ ಜಗಳ. ಹಾರಾಟಕ್ಕೆ ಒಂದು ವಾರ ಮೊದಲು ನೆಲ ನೋಡಿಕೊಳ್ಳಲೆಂದು ನಾನು ಜೀಪಿನಲ್ಲಿ ಯಸಳೂರಿಗೆ ಹೋದಾಗ ಗುಂಪಿನ ಕಾರ್ಯದರ್ಶಿಯವರ ಬಂಗಲೆಯ ಜಗಲಿಯಲ್ಲೇ ಆ ಜಗಳ ಕಂಡೆ. ಕಾರ್ಯದರ್ಶಿಯವರದು ದೊಡ್ಡ ಎಸ್ಟೇಟು. ಅವರ ಎದುರಿಗೆ ಬೆಂಚಿನ ಮೇಲೆ ಕೂತಿದ್ದವರು ವನಗೂರಿನ ಕಡೆಯ ಸಣ್ಣ ಬೆಳೆಗಾರರೊಬ್ಬರು. ಎಲ್ಲರೂ ಅವರನ್ನು ಗೌಡ್ರು ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ.

"ಮಳೆ ಎಲ್ಲರಿಗೂ ಒಂದೇ ಮೇಡಂ" ಎಂದರು ಕಾರ್ಯದರ್ಶಿ. "ಇವರು ಚಿಗುರು ತೆಗೆಸಲ್ಲ, ಗೊಬ್ಬರ ಹಾಕಲ್ಲ. ಆಮೇಲೆ ಮೋಡಕ್ಕೆ ಬೈತಾರೆ."

"ಅಣ್ಣ, ಮೋಡಕ್ಕೆ ನಾನ್ಯಾಕೆ ಬೈಯ್ಲಿ? ಅದು ನಮ್ ಗುಡ್ಡದ ನೆತ್ತಿ ತನಕ ಬತ್ತೈತೆ. ಅಲ್ಲಿ ನಿಂತ್ಕಂಡು ನೋಡಿ, ವಾಪಸ್ ತಿರಗ್ಬುಡ್ತೈತೆ. ನೆಂಟ್ರು ಬಾಗ್ಲು ತನಕ ಬಂದು ಒಳೀಕ್ ಬರ್ದೆ ಹೋದಂಗೆ."

"ಒಳಗೆ ಏನೂ ಬೇಯ್ತಿಲ್ಲ ಅಂತ ಗೊತ್ತಾಗಿರ್ಬೇಕು ಮಾರಾಯ."

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಗೌಡರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಮ್ಮೋರೆ, ನೀವೇ ಕಣ್ಣಾರೆ ನೋಡಿ ಹೇಳ್ಬುಡಿ. ನಾನ್ ಸುಳ್ಳಾದ್ರೆ ಕೆರೆ ಮಾತೇ ಎತ್ತಲ್ಲ" ಎಂದರು. ಗುಡ್ಡದ ಆಚೆ ಅವರಂಥ ಸಣ್ಣ ತೋಟದವರು ಬಹಳ ಮಂದಿ ಇದ್ದರು. ಫೋಟೊದಲ್ಲಿ ಆ ಮೈ ಹಸಿರಾಗಿ ಬಂದರೆ ಕೆರೆ ಅವರ ಕಡೆಗೆ. ಫೋಟೊವೇ ಇಲ್ಲದಿದ್ದರೆ ಈಚೆಗೆ. ನಾವು ಹಾರುವ ವಾರದ ಕೊನೆಗೆ ಸಭೆ ಇತ್ತು.

ನಾನು ಅವತ್ತು ಕೇಳಿದ್ದು ಒಂದೇ. ಬೆಟ್ಟದ ಮೇಲೆ ಹಾರುವವರಿಗೆ ಗಾಳಿಯ ದಿಕ್ಕು, ವೇಗ ತಿಳಿಯದಿದ್ದರೆ ಉಳಿದದ್ದೆಲ್ಲ ತಿಳಿದೂ ಪ್ರಯೋಜನವಿಲ್ಲ. ಹೊಳೆಯಲ್ಲಿ ಬಂಡೆಯ ಮೇಲೆ ಹರಿಯುವ ನೀರು ಹೇಗೆ ಬಂಡೆಯ ಈಚೆಗೆ ಧುಮುಕುತ್ತದೋ ಹಾಗೆ ಪಡುವಣ ಗಾಳಿ ಗುಡ್ಡ ಹತ್ತಿ, ಮೂಡಣ ಮಗ್ಗುಲಲ್ಲಿ ಕೆಳಕ್ಕೆ ಬೀಳುತ್ತದೆ. ನಾವು ಬರುವುದು ಮೂಡಣದಿಂದ, ಅಂದರೆ ಗಾಳಿ ಬೀಳುವ ಕಡೆಯಿಂದ. ಚಿಕ್ಕ ವಿಮಾನದ ಎಂಜಿನ್ ಬಿಸಿಲಿನಲ್ಲಿ, ಎತ್ತರದಲ್ಲಿ ಮೊದಲೇ ಸೊರಗಿರುತ್ತದೆ. ಬೀಳುವ ಗಾಳಿಯ ಎದುರು ಅದು ಏರಲಾರದು. ಅದಕ್ಕೇ, ವಿಮಾನ ಬರುವ ದಿನ ಗುಡ್ಡದ ಮೇಲೆ ಹಸಿ ಸೊಪ್ಪು ಹಾಕಿ ಹೊಗೆ ಮಾಡಿಸಿ ಎಂದೆ. ಹೊಗೆ ಬಾಗಿದ್ದರೆ ಗಾಳಿ ಎಷ್ಟೆಂದು ತಿಳಿಯುತ್ತದೆ.

"ಅಷ್ಟೇ ತಾನೆ? ಆಯ್ತು ಬಿಡಿ, ರೈಟರ್‌ಗೆ ಹೇಳ್ತೀನಿ" ಎಂದರು ಕಾರ್ಯದರ್ಶಿ. ರೈಟರ್ ಎಂದರೆ ಎಸ್ಟೇಟಿನ ಆಳು, ಲೆಕ್ಕ ನೋಡಿಕೊಳ್ಳುವ ಗುಮಾಸ್ತ.

ಹೂ ಬಿಟ್ಟಿದೆಯೆಂದು ಫೋನ್ ಬಂದ ದಿನವೇ ಗೌಡರು ಬಸ್ಸು ಹಿಡಿದು ಮೈಸೂರಿಗೆ ಬಂದರು. ಮೇಲಿನಿಂದ ಯಾರ ತೋಟ ಯಾವುದೆಂದು ಗುರುತಿಸಲು ಒಬ್ಬರು ಬೇಕಿತ್ತು. ಮಾರನೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಪಂಚೆ, ಸ್ವೆಟರ್ ಹಾಕಿಕೊಂಡು ರನ್‌ವೇ ಪಕ್ಕದ ಶೆಡ್ಡಿನಲ್ಲಿ ನಿಂತಿದ್ದರು. ನಾನು ಅವರನ್ನು, ಫೋಟೊಗ್ರಾಫರನ್ನು, ಕ್ಯಾಮೆರಾ ಪೆಟ್ಟಿಗೆಯನ್ನು ಒಂದೊಂದಾಗಿ ತೂಗಿದೆ.

"ಕಾಫಿ ಮೂಟೆ ತೂಗ್ದಂಗೆ ತೂಗ್ತೀರಲ್ಲ ಮೇಡಮ್ಮೋರೆ. ತೇವ ಎಷ್ಟೈತೆ ಅಂತ ಕಚ್ಚಿ ನೋಡಲ್ವಾ?"

ಹೋಗಿ ಬರಲು ಬೇಕಾದಷ್ಟು, ಅದರ ಮೇಲೆ ಒಂದು ಗಂಟೆಗಾಗುವಷ್ಟು ಪೆಟ್ರೋಲ್ ಮಾತ್ರ ಇಟ್ಟುಕೊಂಡು ವಿಮಾನವನ್ನು ಹಗುರ ಮಾಡಿದೆ. ಹೊರಡುವುದು ತಡವಾಯಿತು. ಕಣಿವೆಗಳಲ್ಲಿ ಇನ್ನೂ ಮಂಜು ಕೂತಿದೆ ಎಂದು ಯಸಳೂರಿನಿಂದ ಹೇಳಿದರು. ಮಂಜು ಕರಗಲಿ ಎಂದು ಕಾದೆವು. ಕಾಯುವಾಗ ಒಂದನ್ನು ನಾನು ಯೋಚಿಸಲೇ ಇಲ್ಲವೆಂದು ಕಾಣುತ್ತದೆ. ಮಂಜು ಕರಗಿಸುವ ಬಿಸಿಲೇ ಪಡುವಣ ಗಾಳಿಯನ್ನೂ ಎಬ್ಬಿಸುತ್ತದೆ. ಅಥವಾ ಯೋಚಿಸಿ, ಹೊಗೆ ಹೇಗೂ ಇದೆಯಲ್ಲ ಎಂದು ಬಿಟ್ಟೆನೋ? ದಿನಚರಿಯಲ್ಲಿ ಈ ಬಗ್ಗೆ ಏನೂ ಇಲ್ಲ.

ಆಲೂರು ಸೀಮೆಯ ಮೇಲೆ ಬರುವ ತನಕ ನೆಲ ಸಮತಟ್ಟು. ಕೆರೆಗಳು ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿದ್ದವು. ಅಲ್ಲಿಂದ ಮುಂದೆ ನೆಲ ಸುಕ್ಕುಗಟ್ಟುತ್ತದೆ. ಯಸಳೂರಿನ ಮೇಲೆ ಬಂದಾಗ ಫೋಟೊಗ್ರಾಫರ್ ಕಿಟಕಿ ತೆರೆದ. ಕೆಳಗೆ ನೆರಳಿಗೆ ಬೆಳೆಸಿದ ಸಿಲ್ವರ್ ಮರಗಳ ಸಂದಿಯಲ್ಲಿ ತೋಟಗಳೆಲ್ಲ ಬೆಳ್ಳಗೆ, ಯಾರೋ ಅಕ್ಕಿಹಿಟ್ಟು ಚೆಲ್ಲಿದಂತೆ.

"ಅಗೋ ಸೆಕ್ರೆಟ್ರಿ ಅಣ್ಣನ ತೋಟ" ಎಂದರು ಗೌಡರು ಹಿಂದಿನ ಸೀಟಿನಿಂದ, ಹೆಡ್‌ಸೆಟ್ ಇದ್ದರೂ ಕೂಗಿ. "ಮದ್ವೆ ಮನೆ ಕಂಡಂಗ್ ಕಾಣ್ತೈತೆ ನೋಡಿ."

ಸಾಲಾಗಿ ಹೋಗಿ ಬಂದು ಅಲ್ಲಿನ ಫೋಟೊಗಳನ್ನು ಮುಗಿಸಿದೆವು. ಉಳಿದದ್ದು ಗುಡ್ಡದ ಆಚೆಯ ಮೈ. ಆಗ ಹೊಗೆ ಕಂಡಿತು. ಗುಡ್ಡಕ್ಕೆ ಎದುರಾಗಿ ಒಂದು ಹೊಗೆ, ಊದುಬತ್ತಿಯದರಂತೆ ನೆಟ್ಟಗೆ; ಅದರ ಬುಡ ಎಲ್ಲಿದೆಯೆಂದು ನೋಡಲಿಲ್ಲ. ಗಾಳಿ ಇಲ್ಲ ಎಂದುಕೊಂಡೆ. ಗಾಳಿ ಇಲ್ಲದಿದ್ದರೆ ನೆತ್ತಿಯನ್ನು ಸ್ವಲ್ಪವೇ ಎತ್ತರದಲ್ಲಿ ದಾಟಿದರೂ ಸಾಕು. ಮಬ್ಬು ಕವಿದಿತ್ತು, ಹೆಚ್ಚು ಎತ್ತರದಿಂದ ಹೂ ತಿಳಿಯಾಗಿ ಬರುವುದಿಲ್ಲ ಎಂದು ಫೋಟೊಗ್ರಾಫರ್ ಬೆಳಗಿನಿಂದ ಹೇಳುತ್ತಲೇ ಇದ್ದ. ಹೊಗೆ ನೋಡಿದ ಮೇಲೆ ಒಪ್ಪಿದೆ.

ಎರಡು ವಿಷಯಗಳನ್ನು ಮಾತ್ರ ಕಲಿತಂತೆ ಮಾಡಿದೆ. ಗುಡ್ಡದ ಸಾಲಿಗೆ ಎದುರಾಗಿ ಹೋಗದೆ ಓರೆಯಾಗಿ ಹೋದೆ. ಎದುರಾಗಿ ಹೋದರೆ ತಪ್ಪಿಸಿಕೊಳ್ಳಲು ಪೂರಾ ಹಿಂದಿರುಗಬೇಕು, ಓರೆಯಾಗಿದ್ದರೆ ಅರ್ಧ ತಿರುಗಿದರೆ ಸಾಕು. ಎರಡನೆಯದು, ಕಾಡು ಮುಗಿದು ಹುಲ್ಲು ಶುರುವಾಗುವ ಅಂಚನ್ನು ಗೆರೆಯೆಂದು ಇಟ್ಟುಕೊಂಡೆ. ಆ ಗೆರೆಯ ಮೇಲೆ ಬಂದಾಗ ನೆತ್ತಿಗಿಂತ ಸಾಕಷ್ಟು ಮೇಲಿರಬೇಕು, ಇಲ್ಲದಿದ್ದರೆ ವಾಪಸ್ಸು. ಇದನ್ನು ಮೊದಲೇ ಜೋರಾಗಿ ಹೇಳಿದೆ. ಹಾಗೆ ಹೇಳುವುದು ಒಂದು ಅಭ್ಯಾಸ; ಬಾಯಲ್ಲಿ ಬಂದ ಮಾತನ್ನು ಆಮೇಲೆ ಮನಸ್ಸು ಸುಲಭಕ್ಕೆ ತಿರುಚಲಾರದು.

ಕಾಡಿನ ಮೇಲಿರುವಾಗಲೇ ವಿಮಾನ ಇಳಿಯತೊಡಗಿತು. ಕುಲುಕಾಟವೇನೂ ಇರಲಿಲ್ಲ. ಲಿಫ್ಟು ಇಳಿದಂತೆ ಮೆತ್ತಗೆ. ಎಂಜಿನ್ನಿಗೆ ಪೂರಾ ಶಕ್ತಿ ಕೊಟ್ಟೆ. ಏರಿಳಿತ ತೋರಿಸುವ ಮುಳ್ಳು ಕೆಳಗೇ ಇತ್ತು. ಗುಡ್ಡ ದಾಟುತ್ತೇವೋ ಇಲ್ಲವೋ ಎಂದು ತಿಳಿಯಲು ಮುಳ್ಳಿಗಿಂತ ಒಳ್ಳೆಯ ಗುರುತೊಂದಿದೆ. ನೆತ್ತಿಯ ಆಚೆಯ ನೆಲ ಬರಬರುತ್ತಾ ಹೆಚ್ಚು ಕಂಡರೆ ದಾಟುತ್ತೇವೆ. ಕಡಿಮೆಯಾದರೆ ಇಲ್ಲ. ಆಚೆ ದೂರದಲ್ಲಿ ನೀಲಿ ಬೆಟ್ಟವೊಂದು ಕಾಣುತ್ತಿತ್ತು. ಅದು ನೆತ್ತಿಯ ಹಿಂದೆ ನಿಧಾನವಾಗಿ ಮುಳುಗಿತು.

"ಇನ್ನೊಂದ್ ಚೂರು ಮೇಡಮ್ಮೋರೆ! ಅಗೋ ಆ ಬೋಳು ನೆತ್ತಿ, ಅದ್ ದಾಟುದ್ರೆ ನಮ್ಮನೇನೆ!"

ಹುಲ್ಲಿನ ಅಂಚು ಬಂತು. ನೆತ್ತಿ ನಮ್ಮ ಕಣ್ಣಿನ ಮಟ್ಟಕ್ಕಿತ್ತು. ಮೂತಿಯನ್ನು ಮೇಲೆತ್ತಬೇಕೆಂದು ಕೈ ತಾನಾಗಿ ಬಯಸುತ್ತದೆ. ಎತ್ತಿದರೆ ವೇಗ ಹೋಗುತ್ತದೆ, ವೇಗ ಹೋದರೆ ರೆಕ್ಕೆ ಗಾಳಿಯನ್ನು ಹಿಡಿಯುವುದಿಲ್ಲ. ಮೂತಿಯನ್ನು ತಗ್ಗಿಸಿ, ಎಡಕ್ಕೆ, ತಗ್ಗಿನ ಕಡೆಗೆ ತಿರುಗಿಸಿದೆ. ವೇಗ ತೀರಾ ತಗ್ಗಿದಾಗ ಕೂಗುವ ಎಚ್ಚರಿಕೆಯ ಪೀಪಿ ಒಮ್ಮೆ ಕೀರಲು ದನಿಯಲ್ಲಿ ಕೂಗಿ ನಿಂತಿತು. ಎಡಗಡೆಯ ಕಿಟಕಿಯ ತುಂಬ ಹುಲ್ಲು, ಕಲ್ಲು, ಓಡುತ್ತಿರುವ ಎರಡು ದನಗಳು. ಆಮೇಲೆ ಮರಗಳ ತಲೆ. ಆಮೇಲೆ ಕಣಿವೆ ಅಗಲವಾಯಿತು. ಆಲೂರಿನ ಕಡೆಗೆ ಬರುತ್ತಾ ಮುಳ್ಳು ಮೇಲಕ್ಕೆ ಬಂತು.

ದನಗಳು ಎಂದು ಬರೆದೆ. ಫೋಟೊಗ್ರಾಫರ್ ಅಲ್ಲಿ ದನ ಇರಲೇ ಇಲ್ಲ ಎನ್ನುತ್ತಾನೆ. ಗೌಡರು ಆಗ ಕಿರುಚಿದೆನೆಂದು ಹೇಳಿಕೊಳ್ಳುತ್ತಿದ್ದರು. ನನಗೆ ಆ ಕಿರುಚು ಕೇಳಿದ ನೆನಪಿಲ್ಲ. ತಿರುಗಿಸುವ ತೀರ್ಮಾನ ಆ ಗಳಿಗೆಯದೆಂದು ಬಹಳ ಕಾಲ ಹೆಮ್ಮೆಪಟ್ಟಿದ್ದೇನೆ. ಈಗ ಹಾಗೆನಿಸುವುದಿಲ್ಲ. ಆ ತೀರ್ಮಾನ ಗೆರೆಯನ್ನು ಬಾಯಿಬಿಟ್ಟು ಹೇಳಿದಾಗಲೇ ಆಗಿಹೋಗಿತ್ತು. ಆ ಗಳಿಗೆಯಲ್ಲಿ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಇಳಿದ ಮೇಲೆ ಶೆಡ್ಡಿನ ಪಕ್ಕದ ಟೀ ಅಂಗಡಿಯಲ್ಲಿ ಮೂವರೂ ಕೂತೆವು. ಗೌಡರು ಸಕ್ಕರೆ ಹೆಚ್ಚಿಗೆ ಹಾಕಿಸಿಕೊಂಡು ಲೋಟ ತೆಗೆದುಕೊಂಡರು. ನಾನು, "ನನಗೆ ಅರ್ಥವಾಗ್ತಿಲ್ಲ ಗೌಡ್ರೇ. ಗುಡ್ಡದ ಮೇಲೆ ಅಷ್ಟು ಗಾಳಿ ಇತ್ತು. ಹೊಗೆ ಮಾತ್ರ ನೆಟ್ಟಗಿತ್ತು" ಎಂದೆ.

"ಗುಡ್ಡದ ಮ್ಯಾಲೆ ಎಲ್ಲಿತ್ತು ಹೊಗೆ? ಸೆಕ್ರೆಟ್ರಿ ಅಣ್ಣನ ಸ್ಟೋರ್ ಹಿಂದೆ, ಕಾಫಿ ಒಣಗ್ಸೋ ಕಣದಾಗೆ ಹಾಕಿದ್ದು."

"ಗುಡ್ಡದ ಮೇಲೆ ಅಂದಿದ್ದೆನಲ್ಲ?"

ಗೌಡರು ಲೋಟ ಕೆಳಗಿಟ್ಟು ನನ್ನನ್ನು ವಿಚಿತ್ರವಾಗಿ ನೋಡಿದರು. "ಮೇಡಮ್ಮೋರೆ, ಮಾರ್ಚ್ ತಿಂಗ್ಳಲ್ಲಿ ಗುಡ್ಡದ ನೆತ್ತಿಗೆ ಬೆಂಕಿ ಯಾವನಾದ್ರೂ ಇಕ್ತಾನಾ? ಒಂದ್ ಕಿಡಿ ಹಾರುದ್ರೆ ಹುಲ್ಲು, ಕಾಡು, ತೋಟ ಎಲ್ಲಾ ಹೋಗ್ಬುಡ್ತೈತೆ. ರೈಟರ್ರು ನನ್ನೂ ಕರ್ಕಂಡೋಗಿ ಜಾಗ ನೋಡುದ್ರು. ಒಂಚೂರೂ ಗಾಳಿ ಬೀಸ್ದೆ ಇರೋ ಜಾಗನೇ ಹುಡುಕಿ ಹುಡುಕಿ ಹಾಕಿಸಿದ್ದು ಕಣ್ರೀ. ಸುತ್ತ ನೀರ್ ಬೇರೆ ಚುಮುಕ್ಸಿ ಅಂತ ಹೇಳಿ ಬಂದಿದ್ದೆ."

ಫೋಟೊಗ್ರಾಫರ್ ತಲೆಯ ಮೇಲೆ ಕೈ ಹೊತ್ತು ನಗತೊಡಗಿದ. ನನಗೂ ನಗು ಬಂತು. ಅವರು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಆ ಸೀಮೆಯಲ್ಲಿ ಬುದ್ಧಿ ನೆಟ್ಟಗಿರುವ ಯಾರಾದರೂ ಅದನ್ನೇ ಮಾಡುತ್ತಿದ್ದರು. ನಾನು ಗಾಳಿ ತಿಳಿಯಲೆಂದು ಕೇಳಿದ ಹೊಗೆಯನ್ನು ಅವರು ಗಾಳಿಯಿಂದ ಕಾಪಾಡಿ ನನಗೆ ಕೊಟ್ಟಿದ್ದರು.

ವಿಮಾನದಿಂದ ಫೋಟೊ ತೆಗೆಯಲು ಸರ್ಕಾರದಿಂದ ಸಿಕ್ಕಿದ್ದ ಅನುಮತಿ ಮರುದಿನಕ್ಕೆ ಮುಗಿಯುತ್ತಿತ್ತು. ಹೂವೂ ಅಷ್ಟೇ. ಕಾರ್ಯದರ್ಶಿಯವರಿಗೆ ಫೋನ್ ಮಾಡಿದೆ. ಅವರು ನಿಜವಾಗಿಯೂ ಗಾಬರಿಯಾದರು. "ಸಾಕು ಬಿಡಿ ಮೇಡಂ, ಸಿಕ್ಕಿದಷ್ಟು ಸಾಕು. ಜೀವಕ್ಕಿಂತ ಫೋಟೊ ದೊಡ್ಡದಾ?" ಆ ಮಾತು ಸರಿಯಾದದ್ದೇ. ಆದರೆ ಸಿಕ್ಕಿದ್ದಷ್ಟೂ ಅವರ ಕಡೆಯ ಬಿಳಿ ತೋಟಗಳು. ಅವರು ಅದನ್ನು ಲೆಕ್ಕ ಹಾಕಿಯೇ ಹೇಳಿದರೆಂದು ನಾನು ಹೇಳಲಾರೆ.

ಗೌಡರು ಬೇಡಿಕೊಳ್ಳುತ್ತಾರೆಂದುಕೊಂಡಿದ್ದೆ. ಅವರು ಬೇಡಲಿಲ್ಲ. "ನಿಮಗೂ ಮನೆ ಐತೆ. ಆಗಾಕಿಲ್ಲ ಅಂದ್ರೆ ಬ್ಯಾಡ" ಎಂದರು. ಅದು ಬೇಡಿಕೊಂಡದ್ದಕ್ಕಿಂತ ಕಷ್ಟವಾಯಿತು.

ಮತ್ತೆ ಹೋಗಲು ಯಾಕೆ ಒಪ್ಪಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗೌಡರಿಗಾಗಿಯೋ, ನನ್ನ ಹೆದರಿಕೆಗೆ ಮದ್ದಾಗಲೆಂದೋ? ಎರಡನೆಯದಾದರೆ ಅದು ಹಾರಲು ಒಳ್ಳೆಯ ಕಾರಣವಲ್ಲ. ಅದಕ್ಕೇ ಕಾರಣವನ್ನು ಬದಿಗಿಟ್ಟು ಕ್ರಮವನ್ನು ಗೊತ್ತುಮಾಡಿದೆ. ಬೆಳಿಗ್ಗೆ ಬೇಗ, ಗಾಳಿ ಪೂರಾ ಏಳುವ ಮೊದಲು ಹೊರಡುವುದು. ಕಣಿವೆಯಲ್ಲಿ ಮಂಜಿದ್ದರೆ ಇರಲಿ, ಗುಡ್ಡದ ಮೈ ಕಂಡರೆ ಸಾಕು. ಏರುವುದನ್ನೆಲ್ಲ ಆಲೂರಿನ ಬಯಲ ಮೇಲೆಯೇ, ಸುತ್ತು ಹಾಕಿ ಮುಗಿಸುವುದು. ನೆತ್ತಿಯನ್ನು ಬಹಳ ಎತ್ತರದಲ್ಲಿ ದಾಟಿ, ಆಚೆ ಗಾಳಿ ಮೇಲೇಳುವ ಮಗ್ಗುಲಿಗೆ ಹೋದ ಮೇಲೆ ಫೋಟೊಗಾಗಿ ಇಳಿಯುವುದು. ಗುಡ್ಡದ ಮೇಲೆ ಹೊಗೆಯ ಬದಲು ಬಟ್ಟೆ ಕಟ್ಟುವುದು. ಬಟ್ಟೆ ಕಾಣದಿದ್ದರೆ ಆಲೂರಿನಿಂದಲೇ ವಾಪಸ್ಸು.

"ಬಟ್ಟೆಗೆ ಬೆಂಕಿ ಹತ್ತಾಕಿಲ್ಲ, ಅದ್ ಆಯ್ತದೆ" ಎಂದ ಗೌಡರು ವನಗೂರಿನ ಅಂಗಡಿಯೊಂದಕ್ಕೆ ಫೋನ್ ಮಾಡಿಸಿದರು. "ನಮ್ಮನೆಯೋಳ್ಗೆ ಹೇಳಪ್ಪ. ಗಳುವಿಗೆ ಹಳೇ ಸೀರೆ ಕಟ್ಟಿ ನೆತ್ತಿ ಮ್ಯಾಲೆ ನಿಲ್ಲಿಸ್ಬೇಕಂತೆ. ಯಾಕೆ ಅಂದ್ರೆ... ಇಮಾನಕ್ಕೆ ಅಂತ ಹೇಳು. ನಗಬ್ಯಾಡ, ಹೇಳು!"

ಮರುದಿನ ಆಲೂರಿನ ಕೆರೆಗಳ ಮೇಲೆ ನಿಧಾನವಾಗಿ ಸುತ್ತುತ್ತಾ ಏರಿದೆವು. ಬೇಸರ ಬರುವಷ್ಟು ಹೊತ್ತು. ಆಮೇಲೆ ಪಡುವಣಕ್ಕೆ ಮೂತಿ ಮಾಡಿದೆ. ಮೊದಲು ಕಂಡದ್ದು ಹೊಗೆ. ಯಾರೂ ಬೇಡವೆಂದು ಹೇಳಿರಲಿಲ್ಲವೋ ಏನೋ, ಎಸ್ಟೇಟಿನ ಕಣದಲ್ಲಿ ಅವತ್ತೂ ಸೊಪ್ಪು ಸುಡುತ್ತಿದ್ದರು. ಹೊಗೆ ಹಿಂದಿನ ದಿನದಂತೆಯೇ ನೆಟ್ಟಗೆ. ಅದರ ನೇರ ಮೇಲೆ, ಬೋಳು ನೆತ್ತಿಯಲ್ಲಿ, ಒಂದು ಕೆಂಪು ಗೆರೆ. ನೆಲಕ್ಕೆ ಸಮವಾಗಿ, ಮೂಡಣಕ್ಕೆ ಚಾಚಿಕೊಂಡು ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಅಷ್ಟು ಬೆಳಿಗ್ಗೆಗೇ.

"ಅಯ್ಯೋ ಇವಳ!" ಎಂದರು ಗೌಡರು. "ಹಳೇದು ಕಟ್ಟೇ ಅಂದ್ರೆ ದೀಪಾವಳೀದು ಕಟ್ಟವ್ಳೆ!"

"ಹಳೇದು ಇಷ್ಟು ದೂರ ಕಾಣ್ತಿರ್ಲಿಲ್ಲ ಗೌಡ್ರೇ" ಎಂದ ಫೋಟೊಗ್ರಾಫರ್.

ನೆತ್ತಿ ದಾಟುವಾಗ ಅದೇ ಇಳಿತ ಬಂತು, ಅದೇ ಮೆತ್ತಗಿನ ಲಿಫ್ಟು. ಈ ಸಲ ಕಳೆದುಕೊಳ್ಳಲು ನಮ್ಮ ಬಳಿ ಎತ್ತರವಿತ್ತು. ಕಳೆದುಕೊಳ್ಳುತ್ತಲೇ ದಾಟಿದೆವು. ಆಚೆಯ ನೆಲ ಹೆಚ್ಚುತ್ತಾ ಹೆಚ್ಚುತ್ತಾ ಕಂಡಿತು. ನೀಲಿ ಬೆಟ್ಟ ಪೂರಾ ಎದ್ದು ನಿಂತಿತು. ಆಚೆ ಮಗ್ಗುಲಲ್ಲಿ ಗಾಳಿ ಅಂಗೈಯಲ್ಲಿ ಹಿಡಿದಂತೆ ವಿಮಾನವನ್ನು ಎತ್ತಿತು. ಎಂಜಿನ್ ತಗ್ಗಿಸಿ, ಗುಡ್ಡಕ್ಕೆ ಅಂಟದೆ, ತಿರುಗಲು ಇಡೀ ಕಣಿವೆಯನ್ನು ಬಲಕ್ಕೆ ಬಿಟ್ಟುಕೊಂಡು ಇಳಿದೆ.

ಆ ಮೈ ಹಸಿರಾಗಿತ್ತು. ನೆತ್ತಿಯಿಂದ ಹಳ್ಳದ ತನಕ ಒಂದೇ ಹಸಿರು. ಎಲ್ಲೂ ಬಿಳಿ ಇಲ್ಲ. ಗುಡ್ಡದ ಏಣಿನುದ್ದಕ್ಕೂ, ಈಚೆ ಹೂ, ಆಚೆ ಎಲೆ. ಫೋಟೊಗ್ರಾಫರ್ ಒಂದೇ ಸಮನೆ ಕ್ಲಿಕ್ಕಿಸಿದ.

"ಗೆದ್ರಿ ಗೌಡ್ರೇ!" ಎಂದ.

ಗೌಡರು ಕಿಟಕಿಗೆ ಹಣೆ ಹಚ್ಚಿ ಕೆಳಗೆ ನೋಡುತ್ತಾ, "ಏನ್ ಗೆದ್ದಿದ್ದು ಮಾರಾಯ" ಎಂದರು. ಅವತ್ತು ಮೊದಲ ಸಲ ಕೂಗದೆ ಮಾತಾಡಿದ್ದರು. "ನಮ್ಮೋರ್ದು ಯಾರ್ದೂ ಹೂ ಆಗಿಲ್ವಲ್ಲ. ಒಂದಿಬ್ರುದಾದ್ರೂ ಆಗಿರ್ತೈತೆ ಅನ್ಕಂಡಿದ್ದೆ. ಎಲ್ಲಾರ್ದೂ ಹಿಂಗೇ ಐತೆ."

ಇನ್ನೊಂದು ಸುತ್ತು ಬಂದಾಗ ಹಳ್ಳದ ಮೇಲೆ ಹೆಂಚಿನ ಮನೆಯೊಂದು ಕಂಡಿತು. ಅದರ ಹಿತ್ತಲಲ್ಲಿ ಹತ್ತಿಪ್ಪತ್ತು ಗಿಡ ಬೆಳ್ಳಗಿದ್ದವು, ಮನೆಗೆ ಮಾಲೆ ಹಾಕಿದ ಹಾಗೆ. ಫೋಟೊಗ್ರಾಫರ್ ಕ್ಯಾಮೆರಾ ಇಳಿಸಿ, "ಅಲ್ಲಿ ಬಿದ್ದಿದೆಯಲ್ಲ ಮಳೆ?" ಎಂದ. ಅವನ ದನಿಯಲ್ಲಿ ಅನುಮಾನವಿತ್ತು.

"ಅದು ಮಳೆ ಅಲ್ಲ" ಎಂದರು ಗೌಡರು. "ನಮ್ಮನೆ ಅದು. ಪಾತ್ರೆ ತೊಳ್ದ ನೀರು, ಬಚ್ಚಲ ನೀರು, ಅವಳು ದಿನಾ ಹೊತ್ತು ಹಾಕ್ತಾಳೆ. ಬ್ಯಾಡ ಕಣೇ, ಸೊಂಟ ಹೋಯ್ತದೆ ಅಂತ ನಾನೇ ಬೈತಿದ್ದೆ." ಆಮೇಲೆ, "ಅದ್ನೂ ಹೊಡ್ಕಳಪ್ಪ" ಎಂದರು.

ವಾಪಸ್ಸು ಬರುವಾಗ ಯಸಳೂರಿನ ಮೇಲೆ, ತೆರೆದ ಕಿಟಕಿಯಿಂದ ಕಾಫಿ ಹೂವಿನ ವಾಸನೆ ಬಂತೆಂದು ನನಗೆ ನೆನಪು. ಆ ಎತ್ತರಕ್ಕೆ ವಾಸನೆ ಬರುವುದು ಸಾಧ್ಯವೇ ಎಂದು ಆಮೇಲೆ ಸಂಶಯಪಟ್ಟಿದ್ದೇನೆ. ದಿನಚರಿಯಲ್ಲಿ ಇಲ್ಲ.

ಸಭೆಗೆ ನಾನು ಹೋಗಿರಲಿಲ್ಲ. ಫೋಟೊಗಳನ್ನು ಮೇಜಿನ ಮೇಲೆ ಹರಡಿದಾಗ ಯಾರು ಏನೆಂದರೆಂದು ಬರೆಯಲಾರೆ. ಮಳೆಗಾಲ ಕಳೆದ ಮೇಲೆ ಒಂದು ದಿನ ಗೌಡರ ಫೋನ್ ಬಂತು.

"ಮೇಡಮ್ಮೋರೆ, ಕೆರೆ ನಮ್ ಕಡೆಗೇ ಕಣ್ರೀ. ಸೆಕ್ರೆಟ್ರಿ ಅಣ್ಣನೇ ಬಂದು ಗುದ್ಲಿ ಹಾಕ್ದ. ನೀರ್ ಹುಯ್ದ ಗಿಡ ಮಾತ್ರ ಬೆಳ್ಳಗಿತ್ತಲ್ಲ, ಆ ನಮ್ ಹಿತ್ಲು ಫೋಟ ಬಾಳ ಹೊತ್ತು ನೋಡ್ತಾ ಕೂತಿದ್ನಂತೆ."

ಸಂತೋಷ ಎಂದೆ. ಮನೆಯಲ್ಲಿ ಹೇಗಿದ್ದಾರೆಂದು ಕೇಳಿದೆ.

"ಅವಳಾ? ಸೀರೆ ಗಾಳಿಗೆ ಎಳೆಎಳೆಯಾಗಿ ಹರ್ದೋಗಿತ್ತಲ್ಲ, ಇವತ್ತಿಗೂ ಬೈತಾವ್ಳೆ. ಅರ್ಧ ನನ್ಗೆ, ಅರ್ಧ ನಿಮ್ಗೆ. ನಿಮ್ ಪಾಲು ನಾನೇ ಇಸ್ಕಂತಿದ್ದೀನಿ."